ಹಳೆಯ ಟ್ರಕ್ಕಿನ ಚೈನ್ ಸದ್ದು

ಮೋಟಾರು ಎಂಜಿನ್ನಿನಿಂದ ಹೊರಡುವ ಸದ್ದುಗಳಲ್ಲಿ ಕೆಲವು ವರ್ಷಗಟ್ಟಲೆ ಕೇಳಿಸುತ್ತಿದ್ದರೂ ನಿರಪಾಯಕರ. ಮತ್ತೆ ಕೆಲವು ಬೆಳಗಿನ ಹೊತ್ತು ಎರಡು ಮೂರು ಸೆಕೆಂಡು ಮಾತ್ರ ಕೇಳಿಸಿ ಅಡಗಿಹೋಗುತ್ತವೆ. ಯಜಮಾನನು ‘ಸರಿಹೋಯಿತು’ ಎಂದು ಸಮಾಧಾನಪಟ್ಟು ಗಾಡಿಯನ್ನು ಹೊರಡಿಸುತ್ತಾನೆ. ಈ ಎರಡನೆಯ ಜಾತಿಯ ಸದ್ದೇ ಹೆಚ್ಚು ಭಯಪಡಬೇಕಾದದ್ದು. ಟೈಮಿಂಗ್ ಚೈನಿನ ಸದ್ದು ಈ ಜಾತಿಗೆ ಸೇರಿದೆ. ಅದನ್ನು ಅಳೆಯಬೇಕಾದುದು ಸದ್ದಿನ ಜೋರಿನಿಂದಲ್ಲ. ಅದು ಯಾವಾಗ ಹುಟ್ಟುತ್ತದೆ, ಎಲ್ಲಿ ಹುಟ್ಟುತ್ತದೆ ಎಂಬುದರಿಂದ.

ಉದಾಹರಣೆಗೆಂದು ಈ ವಾರ ಒಂದು ಪ್ರಸಿದ್ಧ ಎಂಜಿನ್ನನ್ನೇ ಎತ್ತಿಕೊಳ್ಳೋಣ. ಅಮೆರಿಕದಲ್ಲಿ ‘ಟ್ರಕ್’ ಎಂದರೆ ನಮ್ಮ ಹೆದ್ದಾರಿಗಳ ಹತ್ತು ಚಕ್ರದ ಲಾರಿಯೇ ಆಗಬೇಕೆಂದಿಲ್ಲ. ಮುಂದೆ ಇಬ್ಬರು ಮೂವರು ಕೂರುವ ಸ್ಥಳ, ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ ಇರುವ ಚಿಕ್ಕ ವಾಹನವನ್ನೂ ಅಲ್ಲಿಯವರು ಟ್ರಕ್ ಎಂದೇ ಕರೆಯುತ್ತಾರೆ. ಅಂಥ ಟ್ರಕ್ಕುಗಳಲ್ಲಿ ಜಪಾನಿನ ಟೊಯೊಟಾ ಪಿಕಪ್ಪಿಗೆ ವಿಶೇಷ ಗೌರವ. ಉಳಿದ ದೇಶಗಳಲ್ಲಿ ಹೈಲಕ್ಸ್ ಎಂಬ ಹೆಸರಿನಿಂದ ಓಡಾಡಿದ್ದೂ ಇದೇ ವಂಶವೇ. 1981ರಿಂದ ಅದರಲ್ಲಿ ಕೂರಿಸಿದ ಎಂಜಿನ್ನಿನ ಹೆಸರು 22ಆರ್. ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಚಿಮ್ಮಿಸುವ ಏರ್ಪಾಡಿದ್ದ ಅದರ ತಮ್ಮನ ಹೆಸರು 22ಆರ್-ಇ. ನಾಲ್ಕು ಸಿಲಿಂಡರು, 2366 ಘನ ಸೆಂಟಿಮೀಟರು ಗಾತ್ರ, ಎರಕದ ಕಬ್ಬಿಣದ ಮೈ, ಅದರ ಮೇಲೆ ಅಲ್ಯೂಮಿನಿಯಂ ತಲೆ. 1995ರಲ್ಲಿ ಆ ಮಾದರಿಯ ಪಿಕಪ್ಪು ಅಮೆರಿಕದ ಅಂಗಡಿಗಳಿಂದ ಮರೆಯಾಯಿತು. ಅಂದಮೇಲೆ ಅವುಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತು ತುಂಬಿದೆ. ಆದರೂ ತೋಟದ ಕೆಲಸದವರು, ಬಡಗಿಗಳು, ಸಣ್ಣ ರೈತರು ಅವನ್ನು ಇಂದಿಗೂ ಓಡಿಸುತ್ತಿದ್ದಾರೆ. ಇಂಥವರಿಗೆ ಗಾಡಿ ನಿಂತರೆ ಆ ದಿನದ ಸಂಪಾದನೆಯೂ ನಿಂತಿತು.

ಈ ಎಂಜಿನ್ನು ಸಾಯುವುದೇ ಇಲ್ಲ ಎಂಬ ಮಾತು ಅಲ್ಲಿ ಮನೆಮಾತಾಗಿದೆ. ನನ್ನ ಅಭಿಪ್ರಾಯದಲ್ಲಿ ಆ ಕೀರ್ತಿಯೇ ಅದರ ಶತ್ರು. ಬಲಶಾಲಿ ಎಂದು ಹೆಸರಾದವನು ಕೆಮ್ಮಿದರೆ ಯಾರೂ ವೈದ್ಯರನ್ನು ಕರೆಯುವುದಿಲ್ಲವಷ್ಟೆ! ಅದರ ಕಬ್ಬಿಣದ ಮೈ, ಪಿಸ್ಟನ್ನು, ಕ್ರ್ಯಾಂಕು ಎಲ್ಲವೂ ನಿಜವಾಗಿ ಗಟ್ಟಿಯಾದವು. ಗಟ್ಟಿಯಲ್ಲದ ಒಂದೇ ವಸ್ತು, ಮುಂಭಾಗದ ಮುಚ್ಚಳದ ಹಿಂದೆ ಅಡಗಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಆ ಪಟ್ಟಿ ಮುರಿದರೆ ಉಳಿದ ಗಟ್ಟಿತನವೆಲ್ಲ ವ್ಯರ್ಥ.

ಚೈನಿನ ಕೆಲಸವೇನೆಂದು ಮೊದಲು ತಿಳಿಯಬೇಕು. ಕೆಳಗಿರುವ ಕ್ರ್ಯಾಂಕ್ ಷಾಫ್ಟು ಪಿಸ್ಟನ್ನುಗಳ ಏರಿಳಿತವನ್ನು ಸುತ್ತುವಿಕೆಯಾಗಿ ಮಾರ್ಪಡಿಸುತ್ತದೆ. ಮೇಲಿರುವ ಕ್ಯಾಂ ಷಾಫ್ಟು ವಾಲ್ವುಗಳನ್ನು ತೆರೆದು ಮುಚ್ಚಲು ಬಿಡುತ್ತದೆ. ಕೆಳಗಿನದು ಎರಡು ಸುತ್ತು ಸುತ್ತಿದಾಗ ಮೇಲಿನದು ಕರಾರುವಾಕ್ಕಾಗಿ ಒಂದು ಸುತ್ತು ಸುತ್ತಬೇಕು. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಈ ತಾಳ ತಪ್ಪಿದರೆ ಗಾಳಿ ಒಳಬರಬೇಕಾದಾಗ ಬಾರದು, ಹೊಗೆ ಹೊರಹೋಗಬೇಕಾದಾಗ ಹೋಗದು. ಇವೆರಡರ ತಾಳವನ್ನು ಕೂಡಿಸಿಡುವುದು ಟೈಮಿಂಗ್ ಚೈನು. ಎಲ್ಲ ಎಂಜಿನ್ನುಗಳಲ್ಲಿಯೂ ಚೈನೇ ಇರುವುದಿಲ್ಲ. ನಮ್ಮ ಟಾಟಾ ಲಾರಿಗಳಂಥ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿನಲ್ಲಿದ್ದುದು ರಬ್ಬರಿನ ಹಲ್ಲುಪಟ್ಟಿ. ಅದು ಸದ್ದಿಲ್ಲದೆ ಸವೆದು ಸದ್ದಿಲ್ಲದೆ ಹರಿಯುವಂಥದು. ಅಂಬಾಸಡರಿನ ಹಳೆಯ ಬಿ.ಎಂ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಚೈನಿತ್ತು. ಇಂದಿನ ಅನೇಕ ಪೆಟ್ರೋಲ್ ಕಾರುಗಳಲ್ಲಿಯೂ ಚೈನೇ ಇದೆ. ಆದ್ದರಿಂದ ಅಮೆರಿಕದ ಟ್ರಕ್ಕಿನ ಈ ಕಥೆಯಲ್ಲಿ ನಮ್ಮ ಕಾರುಷೆಡ್ಡುಗಳಿಗೂ ಸಂಬಂಧಿಸಿದ ಮಾತುಂಟು.

ಸಡಿಲವಾದ ಚೈನು ಹೇಗೆ ಸದ್ದುಮಾಡುತ್ತದೆಂಬುದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ; ಸೈಕಲ್ ತುಳಿದವರಿಗೆಲ್ಲ ಅದು ಗೊತ್ತು. ಚೈನು ಜೋಲುಬಿದ್ದಾಗ ಅದು ಚೈನ್ ಕವರಿನ ತಗಡಿಗೆ ಬಡಿದು ಲಟಲಟ ಎನ್ನುವುದಿಲ್ಲವೆ? ಎಂಜಿನ್ನಿನೊಳಗೆ ನಡೆಯುವುದೂ ಅದೇ; ವ್ಯತ್ಯಾಸವಿಷ್ಟೆ, ಸೈಕಲ್ಲಿನ ತಗಡಿನ ಹಿಂದೆ ಬರಿಯ ಗಾಳಿ ಇದೆ, ಇಲ್ಲಿ ಮುಚ್ಚಳದ ಗೋಡೆಯ ಹಿಂದೆ ಎಂಜಿನ್ನನ್ನು ತಂಪುಮಾಡುವ ನೀರು ಹರಿಯುತ್ತಿದೆ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಚೈನು ‘ಎಳೆದುಕೊಂಡಿದೆ’ ಎಂದು ಮೆಕ್ಯಾನಿಕರು ಹೇಳುವುದು ವಾಡಿಕೆ. ಉಕ್ಕೇನೂ ರಬ್ಬರಿನಂತೆ ಎಳೆದುಕೊಳ್ಳುವುದಿಲ್ಲ. ಕೊಂಡಿ ಕೊಂಡಿಗಳ ನಡುವಣ ಗೂಟಗಳೂ ಅವು ಕೂರುವ ತೂತುಗಳೂ ಸವೆಯುತ್ತವೆ. ಒಂದು ಚೈನಿನಲ್ಲಿ ನೂರು ಕೊಂಡಿಗಳಿವೆ ಎಂದಿಟ್ಟುಕೊಳ್ಳಿ. ಒಂದೊಂದರಲ್ಲಿ ಮಿಲಿಮೀಟರಿನ ನೂರನೆಯ ಒಂದು ಪಾಲು ಸವೆದರೂ ಒಟ್ಟು ಚೈನು ಒಂದು ಮಿಲಿಮೀಟರು ಉದ್ದವಾಯಿತು. ಈ ಹೆಚ್ಚಿನ ಉದ್ದವನ್ನು ಎಳೆದು ಬಿಗಿಯಾಗಿಡಲು ಒಂದು ಬದಿಯಲ್ಲಿ ಟೆನ್ಷನರ್ ಎಂಬ ಸಾಧನವಿರುತ್ತದೆ. 22ಆರ್ ಎಂಜಿನ್ನಿನಲ್ಲಿ ಅದನ್ನು ಒತ್ತಿ ಹಿಡಿಯುವುದು ಮುಖ್ಯವಾಗಿ ಎಣ್ಣೆಯ ಒತ್ತಡ. ಎದುರು ಬದಿಯಲ್ಲಿ, ಅಂದರೆ ಅಮೆರಿಕದಲ್ಲಿ ಚಾಲಕನು ಕೂರುವ ಎಡಮಗ್ಗುಲಲ್ಲಿ, ಚೈನು ಅದುರದಂತೆ ನೇರವಾದ ಒಂದು ಗೈಡ್ ಪಟ್ಟಿಯನ್ನು ಬಿಗಿದಿದ್ದಾರೆ.

1982ರವರೆಗಿನ ಎಂಜಿನ್ನುಗಳಲ್ಲಿ ಚೈನಿಗೆ ಎರಡು ಸಾಲು ಕೊಂಡಿಗಳಿದ್ದುವು. 1983ರಿಂದ ಒಂದೇ ಸಾಲಿನ ಚೈನು ಬಂದಿತು. ಜೊತೆಗೆ ಪ್ಲಾಸ್ಟಿಕ್ಕಿನ ಗೈಡುಗಳು ಬಂದುವು. ಇದರಿಂದ ಎಂಜಿನ್ನು ಹಗುರವಾಯಿತು, ಸದ್ದೂ ಕಡಮೆಯಾಯಿತು. ಆದರೆ ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ನೆನೆದ ಪ್ಲಾಸ್ಟಿಕ್ಕು ಹಳೆಯ ಬಕೆಟ್ಟಿನಂತೆ ಪೆಡಸಾಗಿ ಸಿಡುಕುತ್ತದೆ. ಸದ್ದು ಕಡಮೆಮಾಡಲು ತಂದ ವಸ್ತುವೇ ಕೊನೆಗೆ ಸದ್ದಿನ ಮೂಲವಾಯಿತೆಂಬುದು ವಿಚಿತ್ರವಾದರೂ ಸತ್ಯ.

ಈಗ ಬೆಳಗಿನ ಆ ಮೂರು ಸೆಕೆಂಡಿಗೆ ಬರೋಣ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಟೆನ್ಷನರಿನೊಳಗಿನ ಒತ್ತಡ ಸೊನ್ನೆ. ಸೆಲ್ಫ್ ಒತ್ತಿದೊಡನೆ ಚೈನು ತಿರುಗಲಾರಂಭಿಸುತ್ತದೆ, ಅದನ್ನು ಹಿಡಿಯುವ ಕೈ ಮಾತ್ರ ಇನ್ನೂ ಬಂದಿಲ್ಲ. ಆ ಅವಕಾಶದಲ್ಲಿ ಚೈನು ಹಾವಿನಂತೆ ಹೊರಳಿ ಎದುರಿನ ಗೈಡ್ ಪಟ್ಟಿಗೆ ಬಡಿಯುತ್ತದೆ. ಎಂಜಿನ್ನಿನ ಮುಂಭಾಗದಿಂದ ಗಲಗಲನೆ ಸದ್ದು ಬರುತ್ತದೆ. ಡಬ್ಬಿಯಲ್ಲಿ ಬೋಲ್ಟುಗಳನ್ನು ಹಾಕಿ ಕುಲುಕಿದಂತೆ. ಎಣ್ಣೆಯ ಒತ್ತಡ ಏರಿದೊಡನೆ ಟೆನ್ಷನರು ಬಿಗಿಹಿಡಿಯುತ್ತದೆ, ಸದ್ದು ನಿಲ್ಲುತ್ತದೆ. ನಿಂತಿತೆಂದರೆ ವಾಸಿಯಾಯಿತೆಂದಲ್ಲ. ಪ್ರತಿದಿನ ಬೆಳಗ್ಗೆ ಪ್ಲಾಸ್ಟಿಕ್ ಪಟ್ಟಿಗೆ ಇಷ್ಟಿಷ್ಟೇ ಪೆಟ್ಟು ಬೀಳುತ್ತಿದೆ. ಒಂದು ದಿನ ಪಟ್ಟಿ ಮುರಿದು ಕೆಳಗೆ ಬೀಳುತ್ತದೆ. ಅಂದಿನಿಂದ ಚೈನು ಬಡಿಯುವುದು ಮುಚ್ಚಳದ ಅಲ್ಯೂಮಿನಿಯಂ ಗೋಡೆಗೆ.

ಹಾಗೆಂದು ಬೆಳಗಿನ ಒಂದು ಕ್ಷಣದ ಸದ್ದು ಕೇಳಿದೊಡನೆ ಎಂಜಿನ್ನನ್ನು ಬಿಚ್ಚಿಹಾಕಬೇಕೆಂದು ನಾನು ಹೇಳುವುದಿಲ್ಲ. ಮೊದಲು ಅಗ್ಗದ ಪರೀಕ್ಷೆ. ಎಣ್ಣೆಯನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಿರಿ. ಒಳ್ಳೆಯ ಫಿಲ್ಟರಿನೊಳಗೆ ಎಣ್ಣೆ ಹಿಂದಕ್ಕೆ ಸೋರಿಹೋಗದಂತೆ ತಡೆಯುವ ಒಂದು ಪುಟ್ಟ ರಬ್ಬರ್ ತಡೆ ಇರುತ್ತದೆ. ಕಳಪೆ ಫಿಲ್ಟರಿನಲ್ಲಿ ಅದು ಇಲ್ಲದಿರಬಹುದು, ಇದ್ದರೂ ಗಡುಸಾಗಿರಬಹುದು. ಆಗ ಒತ್ತಡ ಏರಲು ತಡವಾಗುತ್ತದೆ. ಫಿಲ್ಟರು ಬದಲಾದ ಮರುದಿನವೇ ಸದ್ದು ಮಾಯವಾದರೆ ಅಷ್ಟರಮಟ್ಟಿಗೆ ಪುಣ್ಯ. ಆದರೆ ಸದ್ದಡಗಿಸಲೆಂದು ದಪ್ಪನೆಯ ಎಣ್ಣೆ ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಗಾಡಿ ಮಾರುವವರಿಗೆ ಇದು ಪ್ರಿಯವಾದ ಉಪಾಯ. ಚಳಿಯ ಬೆಳಗಿನಲ್ಲಿ ದಪ್ಪ ಎಣ್ಣೆ ಟೆನ್ಷನರನ್ನು ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಚೈನಿಗೆ ಬಡಿಯಲು ಇನ್ನಷ್ಟು ಅವಕಾಶ!

ಎಂಜಿನ್ನು ಚೆನ್ನಾಗಿ ಬಿಸಿಯಾದಮೇಲೆಯೂ ಸದ್ದು ಬರುತ್ತಿದ್ದರೆ, ಅಥವಾ ಆಕ್ಸಿಲರೇಟರನ್ನು ಒತ್ತಿ ತಟ್ಟನೆ ಬಿಟ್ಟಾಗ ಮುಂಭಾಗದಿಂದ ಉಜ್ಜಿದಂತೆ ಕೇಳಿಸಿದರೆ, ಅದು ಫಿಲ್ಟರಿನ ಮಾತಲ್ಲ. ಆಗ ಸದ್ದು ನಿಜವಾಗಿ ಚೈನಿನದೇ ಎಂದು ಗೊತ್ತುಮಾಡಿಕೊಳ್ಳಬೇಕು. ಇಲ್ಲಿ ಮೋಸಹೋಗುವ ಸಂಭವ ಬಹಳ. ಈ ಎಂಜಿನ್ನಿನಲ್ಲಿ ಟ್ಯಾಪೆಟ್ಟಿನ ಸದ್ದು ಸಾಮಾನ್ಯ. ಗಾಳಿ ಒಳಬಿಡುವ ವಾಲ್ವಿಗೆ 0.20 ಮಿಲಿಮೀಟರು, ಹೊಗೆ ಹೊರಬಿಡುವ ವಾಲ್ವಿಗೆ 0.30 ಮಿಲಿಮೀಟರು ಸಂದು ಇರಬೇಕೆಂದು ತಯಾರಕರು ವಿಧಿಸಿದ್ದಾರೆ, ಅದೂ ಎಂಜಿನ್ನು ಬಿಸಿಯಿರುವಾಗ. ಸಂದು ಹೆಚ್ಚಾದರೆ ಟಿಕ್ ಟಿಕ್ ಎನ್ನುತ್ತದೆ. ಈ ಟಿಕ್ ಟಿಕ್ಕಿಗೊಂದು ಲೆಕ್ಕವುಂಟು: ಗಾಡಿ ನಿಂತಲ್ಲೇ ಎಂಜಿನ್ನು ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಕ್ಯಾಂ ಷಾಫ್ಟು 375 ಸುತ್ತು ತಿರುಗುತ್ತದೆ, ಅಂದರೆ ಸಡಿಲಾದ ಒಂದು ಟ್ಯಾಪೆಟ್ಟು ಸೆಕೆಂಡಿಗೆ ಸುಮಾರು ಆರು ಬಾರಿ ತಟ್ಟುತ್ತದೆ. ಗಡಿಯಾರದಂತೆ ಸಮವಾಗಿ ತಟ್ಟುತ್ತದೆ. ಚೈನಿನ ಸದ್ದಿಗೆ ಈ ಶಿಸ್ತಿಲ್ಲ. ಅದು ಗಲಿಬಿಲಿ, ಏರುಪೇರು. ಟ್ಯಾಪೆಟ್ಟಿನ ಸದ್ದು ಎಂಜಿನ್ನಿನ ನೆತ್ತಿಯಿಂದ ಬರುತ್ತದೆ, ಚೈನಿನದು ಮುಖದಿಂದ.

ಎಗ್ಸಾಸ್ಟ್ ಕೊಳವೆ ಎಂಜಿನ್ನಿಗೆ ಸೇರುವೆಡೆ ಬಿರುಕಿದ್ದರೂ ಟಿಕ್ ಟಿಕ್ ಬರುತ್ತದೆ. ಆದರೆ ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಳ್ಳುವುದರಿಂದ ಅದು ನಿಧಾನವಾಗಿ, ನಿಮಿಷಗಳಲ್ಲಿ ಕುಗ್ಗುತ್ತದೆ. ಚೈನಿನ ಬೆಳಗಿನ ಸದ್ದು ಸೆಕೆಂಡುಗಳಲ್ಲಿ ತಟಕ್ಕನೆ ನಿಲ್ಲುತ್ತದೆ. ನೀರಿನ ಪಂಪು, ಡೈನಮೋ ಸ್ಥಾನದ ಆಲ್ಟರ್ನೇಟರು, ಇವುಗಳ ಬೇರಿಂಗು ಸವೆದರೂ ಸದ್ದು ಮುಂಭಾಗದಿಂದಲೇ ಹೊರಡುತ್ತದೆ. ಇವನ್ನು ಬೇರ್ಪಡಿಸುವುದು ಸುಲಭ. ಎಂಜಿನ್ನು ನಿಲ್ಲಿಸಿ, ಫ್ಯಾನ್ ಬೆಲ್ಟುಗಳನ್ನು ಕಳಚಿ, ಮತ್ತೆ ಅರ್ಧ ನಿಮಿಷ ಓಡಿಸಿ ಕೇಳಿರಿ. ಸದ್ದು ನಿಂತಿದ್ದರೆ ದೋಷ ಹೊರಗಿನ ಅಂಗಗಳಲ್ಲಿದೆ. ಮುಂದುವರಿದರೆ ಮುಚ್ಚಳದ ಒಳಗಿದೆ. ಬೆಲ್ಟಿಲ್ಲದಾಗ ನೀರು ಹರಿಯುವುದಿಲ್ಲವಾದ್ದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಆಸೆಪಡಬಾರದು.

ಸ್ಥಳವನ್ನು ಗುರುತಿಸಲು ವೈದ್ಯರ ಸ್ಟೆತಾಸ್ಕೋಪಿನಂಥದೇ ಒಂದು ಉಪಕರಣ ಮೆಕ್ಯಾನಿಕರಿಗಾಗಿ ಮಾರಾಟಕ್ಕೆ ಸಿಗುತ್ತದೆ. ಅದಿಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರೇ ಸಾಕು. ಅದರ ತುದಿಯನ್ನು ಮುಚ್ಚಳದ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಹಿಡಿದರೆ ಒಳಗಿನ ವ್ಯಾಪಾರವೆಲ್ಲ ತಿಳಿಯುತ್ತದೆ. ಎಡಮಗ್ಗುಲಲ್ಲಿ ಬಡಿತವಿದ್ದು ಬಲಮಗ್ಗುಲಲ್ಲಿ ಶಾಂತವಾಗಿದ್ದರೆ ಗೈಡು ಹೋಗಿದೆ ಎಂಬ ಸಂಶಯ ಬಲವಾಗುತ್ತದೆ. ಫ್ಯಾನು ತಿರುಗುತ್ತಿರುವಾಗ ಈ ಕೆಲಸ ಮಾಡುವವರು ಟೈ, ಸಡಿಲವಾದ ತೋಳು, ಸೆರಗು ಇವನ್ನು ಬಿಗಿದುಕೊಂಡಿರಬೇಕು. ಮನೆಯ ಮಕ್ಕಳು ಬಾನೆಟ್ಟಿನ ಬಳಿ ಸುಳಿಯದಂತೆ ನೋಡಿಕೊಳ್ಳಬೇಕು.

ಕಿವಿ ಹೇಳಿದ್ದನ್ನು ಕಣ್ಣಿನಿಂದ ದೃಢಪಡಿಸಿಕೊಳ್ಳುವ ಸೌಕರ್ಯ ಈ ಎಂಜಿನ್ನಿನಲ್ಲಿದೆ. ಇದಕ್ಕೆ ಇಡೀ ಮುಂಭಾಗವನ್ನು ಬಿಚ್ಚಬೇಕಾಗಿಲ್ಲ. ಟ್ಯಾಪೆಟ್ ಕವರನ್ನು ತೆಗೆದು, ಮುಂದಿನ ಚಕ್ರದ ಪಕ್ಕದಲ್ಲಿ ಟಾರ್ಚ್ ಬಿಟ್ಟು ಕೆಳಗೆ ಇಣುಕಿದರೆ ಎಡಬದಿಯ ಗೈಡಿನ ಮೇಲ್ತುದಿ ಕಾಣಬೇಕು. ಕಂಡರೆ ಸಂತೋಷ. ಪಟ್ಟಿಯೇ ಇರಬೇಕಾದ ಸ್ಥಳ ಬರಿದಾಗಿದ್ದರೆ ಅದು ಎಂದೋ ಮುರಿದು ಎಣ್ಣೆಯ ಚೇಂಬರಿಗೆ ಬಿದ್ದಿದೆ. ಆಗ ಮುಚ್ಚಳದ ಒಳಗೋಡೆಯನ್ನು ದಿಟ್ಟಿಸಿ ನೋಡಬೇಕು. ಹೊಳೆಯುವ ಗೀರು ಇದೆಯೆ? ಗೀರು ಬರಿಯ ಗೆರೆಯೋ, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಕಾಲುವೆಯೋ? ಇಡೀ ಪರೀಕ್ಷೆಯ ತಿರುಳು ಈ ಒಂದು ನೋಟದಲ್ಲಿದೆ. ಗೆರೆಯಾದರೆ ಇನ್ನೂ ಕಾಲವಿದೆ. ಕಾಲುವೆಯಾದರೆ ಗಾಡಿಯನ್ನು ಮನೆಯವರೆಗೆ ಓಡಿಸಿಕೊಂಡು ಹೋಗುವುದೂ ಬೇಡ.

ಯಾಕೆಂದರೆ ಗೋಡೆ ತೂತಾದ ಗಳಿಗೆಯಲ್ಲಿ ತಂಪುನೀರು ಎಣ್ಣೆಯೊಳಕ್ಕೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಎಣ್ಣೆ ತುಂಬುವ ಮುಚ್ಚಳದಡಿಯಲ್ಲಿ ಮಾತ್ರ ತೆಳ್ಳಗೆ ಕೆನೆಗಟ್ಟಿದ್ದರೆ ಗಾಬರಿ ಬೇಡ. ಚಳಿ ದೇಶಗಳಲ್ಲಿ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಗಾಡಿಗಳಲ್ಲಿ ಹಬೆ ತಣಿದು ಹಾಗಾಗುವುದುಂಟು. ಆದರೆ ಹೊರಗೆಲ್ಲಿಯೂ ಸೋರದೆ ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದು, ಎಣ್ಣೆಯ ಮಟ್ಟ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ರಕ್ಷಿಸಲಾರದು. ಯಾವ ಕ್ರ್ಯಾಂಕನ್ನು ಮುಪ್ಪಿಲ್ಲದ್ದೆಂದು ಜನ ಹೊಗಳುತ್ತಿದ್ದರೋ ಅದು ಕೆಲವೇ ಮೈಲಿಗಳ ಓಟದಲ್ಲಿ ಹಾಳಾಗುತ್ತದೆ.

ಇಲ್ಲಿಯೇ ಅನೇಕರು ದಾರಿ ತಪ್ಪುವುದು. ಎಣ್ಣೆಯಲ್ಲಿ ನೀರು ಕಂಡೊಡನೆ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂಬುದು ಎಲ್ಲ ಷೆಡ್ಡುಗಳ ಸಿದ್ಧ ಉತ್ತರ. ಹೆಡ್ಡನ್ನು ಬಿಚ್ಚಿ, ಹೊಸ ಗ್ಯಾಸ್ಕೆಟ್ಟು ಕೂರಿಸಿ, ಹಣ ಪಡೆದು ಗಾಡಿಯನ್ನು ಕಳಿಸುತ್ತಾರೆ. ವಾರದೊಳಗೆ ಎಣ್ಣೆ ಮತ್ತೆ ಕಾಫಿಯಾಗುತ್ತದೆ. ತೂತು ಹೆಡ್ಡಿನಲ್ಲಿಲ್ಲ, ಮುಂದಿನ ಮುಚ್ಚಳದಲ್ಲಿದೆ. ಬೆಳಗಿನ ಸದ್ದಿನ ವಿಷಯವನ್ನು ಯಜಮಾನನು ಮೊದಲೇ ಹೇಳಿದ್ದರೆ, ಅಥವಾ ಮೆಕ್ಯಾನಿಕನು ಒಂದು ಮಾತು ಕೇಳಿದ್ದರೆ, ಈ ದಂಡ ತಪ್ಪುತ್ತಿತ್ತು. ರೋಗಿಯ ಪೂರ್ವವೃತ್ತಾಂತ ಕೇಳದೆ ಔಷಧ ಬರೆದಂತೆಯೇ ಇದು. ನಮ್ಮಲ್ಲಿಯೂ ಗಾಡಿಯನ್ನು ರಿಪೇರಿಗೆ ಬಿಡುವವರು ‘ಏನೋ ಸದ್ದು ಬರುತ್ತದೆ, ನೋಡಿಬಿಡಿ’ ಎಂದು ಕೀಲಿಕೈ ಕೊಟ್ಟು ಹೊರಡುತ್ತಾರೆ. ಯಾವ ಹೊತ್ತಿನಲ್ಲಿ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಎಷ್ಟು ಹೊತ್ತು ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮೆಕ್ಯಾನಿಕನ ಅರ್ಧ ದಿನ ಉಳಿಯುತ್ತದೆ.

ಟೆನ್ಷನರೇ ಇಲ್ಲದ ಹಳೆಯ ಎಂಜಿನ್ನುಗಳಿಗೆ ಪರೀಕ್ಷೆಯ ಕ್ರಮ ಬೇರೆ. ಅಮೆರಿಕದ ಷೆವ್ರೊಲೆ ಕಂಪೆನಿ 1955ರಲ್ಲಿ ಹೊರತಂದ ಎಂಟು ಸಿಲಿಂಡರಿನ ವಿ-ಎಂಜಿನ್ನು ಆ ಕಂಪೆನಿಯ ಟ್ರಕ್ಕುಗಳಲ್ಲಿ ದಶಕಗಟ್ಟಲೆ ಬಳಕೆಯಲ್ಲಿತ್ತು. ಅದರ ಚೈನು ಗಿಡ್ಡ, ಬಿಗಿಹಿಡಿಯುವ ಸಾಧನವಿಲ್ಲ. ಅಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರು ಹಾಕಿ ಮುಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ಅನಂತರ ಮೆಲ್ಲನೆ ಹಿಂದಕ್ಕೆ ತಿರುಗಿಸುತ್ತ, ರೋಟರು ಅಲುಗುವ ಮೊದಲು ಕ್ರ್ಯಾಂಕು ಎಷ್ಟು ಡಿಗ್ರಿ ಖಾಲಿ ಸುತ್ತಿತೆಂದು ನೋಡಬೇಕು. ಎರಡು ಮೂರು ಡಿಗ್ರಿಯಾದರೆ ಚಿಂತೆಯಿಲ್ಲ. ಹತ್ತು ದಾಟಿದರೆ ಚೈನಿನ ಆಯುಷ್ಯ ಮುಗಿದಿದೆ. ಟೊಯೊಟಾದಲ್ಲಿ ಇದೇ ಉಪಾಯ ಮಾಡಿದರೆ ಉತ್ತರ ಸುಳ್ಳಾಗಬಹುದು, ಹಿಂದಕ್ಕೆ ತಿರುಗಿಸಿದಾಗ ಚೈನು ಟೆನ್ಷನರನ್ನೇ ಒಳಕ್ಕೆ ತಳ್ಳುವುದರಿಂದ. ಪುಸ್ತಕದಲ್ಲಿ ಓದಿದ ಪರೀಕ್ಷೆಯನ್ನು ಸಿಕ್ಕಿದ ಎಂಜಿನ್ನಿಗೆಲ್ಲ ಹೂಡುವವರು ಇದನ್ನು ಗಮನಿಸಬೇಕು. ಮೇಲಿನ ಷೆವ್ರೊಲೆಯ ಅನೇಕ ಮಾದರಿಗಳಲ್ಲಿಯೂ ಸದ್ದು ತಗ್ಗಿಸಲೆಂದು ಕ್ಯಾಮಿನ ಚಕ್ರಕ್ಕೆ ನೈಲಾನ್ ಹಲ್ಲು ಕಟ್ಟಿಸಿದ್ದರು. ಅವೂ ಬಿಸಿಗೆ ಸಿಡಿದು ಚೇಂಬರಿನಲ್ಲಿ ಉದುರುತ್ತಿದ್ದುವು. ಮಾರಾಟದ ದಿನ ಸದ್ದಿಲ್ಲದಿರಬೇಕೆಂಬ ಹಟದಿಂದ ತಯಾರಕರು ಮಾಡಿದ ಇಂಥ ವ್ಯವಹಾರ ಎರಡು ದೇಶಗಳಲ್ಲಿಯೂ ಒಂದೇ ಬಗೆ!

ದೋಷ ನಿಶ್ಚಯವಾದಮೇಲೆ ಚೈನೊಂದನ್ನೇ ಬದಲಿಸುವುದು ಕೂಡದು. ಚೈನು, ಎರಡೂ ಚಕ್ರಗಳು, ಗೈಡುಗಳು, ಟೆನ್ಷನರು ಒಟ್ಟಿಗೆ ಹೊಸದಾಗಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಬಹುಕಾಲ ಬಾಳದು. ಪ್ಲಾಸ್ಟಿಕ್ಕಿಗೆ ಬೆನ್ನಾಗಿ ಉಕ್ಕಿನ ತಗಡು ಕೊಟ್ಟಿರುವ ಗೈಡುಗಳು ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯ ಎರಡು ಸಾಲಿನ ಚೈನಿಗೇ ಮರಳುವವರೂ ಇದ್ದಾರೆ. ಗೀರು ಆಳವಾಗಿದ್ದರೆ ಮುಚ್ಚಳವನ್ನೂ ಹೊಸದು ಹಾಕಬೇಕು. ಎಣ್ಣೆಯ ಚೇಂಬರನ್ನು ಇಳಿಸಿ, ಒಳಗೆ ಬಿದ್ದಿರುವ ಪ್ಲಾಸ್ಟಿಕ್ ಚೂರುಗಳನ್ನು ಒಂದೂ ಬಿಡದೆ ಆರಿಸಬೇಕು. ಅವು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದರೆ ಹೊಸ ಟೆನ್ಷನರಿಗೂ ಒತ್ತಡ ಸಿಗದು.

ಮುಚ್ಚಳ ಕಳಚುವಾಗ ಒಂದು ಗುಪ್ತ ಬೋಲ್ಟು ಹೊಸಬರನ್ನು ಕಾಡುತ್ತದೆ. ಹೆಡ್ಡಿನ ಮುಂತುದಿಯಲ್ಲಿ, ಕ್ಯಾಮಿನ ಚಕ್ರದ ಮುಂದೆ, ನಿಂತ ಎಣ್ಣೆಯ ಮಡುವಿನಲ್ಲಿ ಅದು ಮುಳುಗಿರುತ್ತದೆ. ಮೇಲಿನಿಂದ ಕೆಳಕ್ಕೆ ಇಳಿದು ಹೆಡ್ಡನ್ನೂ ಮುಚ್ಚಳವನ್ನೂ ಬೆಸೆದಿರುತ್ತದೆ. ಅದನ್ನು ಕಾಣದೆ ಸನ್ನೆಕೋಲು ಹಾಕಿ ಮೀಟಿದವರು ಅಲ್ಯೂಮಿನಿಯಮ್ಮನ್ನು ಮುರಿದಿದ್ದಾರೆ. ಹಳೆಯ ಬಟ್ಟೆಯಿಂದ ಎಣ್ಣೆಯನ್ನು ಹೀರಿ ತೆಗೆದರೆ ಬೋಲ್ಟು ತಾನಾಗಿ ಕಾಣಿಸುತ್ತದೆ.

ಎಲ್ಲವನ್ನೂ ಗುರುತಿಗೆ ಗುರುತು ಕೂಡಿಸಿ ಮುಚ್ಚಿದಮೇಲೆ ಒಡನೆಯೇ ಎಂಜಿನ್ನು ಹೊತ್ತಿಸಬಾರದು. ಮೊದಲು ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲಿಯೇ ಎರಡು ಪೂರ್ಣ ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ನೋಡಿಕೊಳ್ಳಬೇಕು. ಆಮೇಲೆ ಕಿಡಿಯ ಸಂಪರ್ಕ ತಪ್ಪಿಸಿ, ಎಣ್ಣೆಯ ಒತ್ತಡದ ಸೂಚಕ ಮೇಲೇಳುವವರೆಗೆ ಸೆಲ್ಫಿನಿಂದ ಬಿಟ್ಟು ಬಿಟ್ಟು ತಿರುಗಿಸಬೇಕು. ಅನಂತರ ಸಂಪರ್ಕ ಕೊಟ್ಟು ಚಾಲೂ ಮಾಡಿ, ಹತ್ತು ನಿಮಿಷ ಓಡಿಸಿ, ರಾತ್ರಿ ಹಾಗೆಯೇ ಬಿಡಬೇಕು. ಮರುದಿನ ಬೆಳಗ್ಗೆ ಬಾನೆಟ್ಟು ತೆರೆದಿಟ್ಟುಕೊಂಡು, ಮನೆಯವರೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ, ಮುಂದೆ ನಿಂತು ಆ ಮೊದಲ ಮೂರು ಸೆಕೆಂಡು ಕಿವಿಗೊಡಬೇಕು.